ಬೀದಿಯ ಕಿಡಿ, ಮನೆಯ ಪರದೆ

ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ 1936ರ ನವೆಂಬರ್ 2ರಂದು ಬಿಬಿಸಿ ತನ್ನ ಟೆಲಿವಿಷನ್ ಸೇವೆ ಆರಂಭಿಸಿದಾಗ, ಅದಕ್ಕೆ ಬೀದಿಯಲ್ಲೇ ಒಬ್ಬ ಎದುರಾಳಿ ಕಾದಿದ್ದ. ಅದು ಮೋಟಾರು ಕಾರು.

ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ರೇಡಿಯೋ ಅಲೆಗಳೂ ಹೊಮ್ಮುತ್ತವೆ. ಜರ್ಮನಿಯ ವಿಜ್ಞಾನಿ ಹರ್ಟ್ಸ್ 1880ರ ದಶಕದಲ್ಲಿ ರೇಡಿಯೋ ಅಲೆಗಳ ಇರವನ್ನು ತೋರಿಸಿಕೊಟ್ಟದ್ದೂ ಇಂಥ ಕಿಡಿಯಿಂದಲೇ. ಬಿಬಿಸಿಯ ಚಿತ್ರ ಬರುತ್ತಿದ್ದುದು 45 ಮೆಗಾಹರ್ಟ್ಸ್‌ನಲ್ಲಿ. ಕಿಡಿಯ ಗದ್ದಲ ಅಲ್ಲಿಗೂ ಹರಡುತ್ತಿತ್ತು. ಸಿಗ್ನಲ್ ಬಲವಾದಷ್ಟೂ ಪರದೆ ಬೆಳ್ಳಗಾಗುವ ಪದ್ಧತಿ ಅದಾದ್ದರಿಂದ, ಕಾರು ಹಾದಾಗ ಚಿತ್ರದ ತುಂಬ ಬಿಳಿ ಚುಕ್ಕೆಗಳು, ಧ್ವನಿಯಲ್ಲಿ ಚಟಪಟ ಸದ್ದು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಹೀಗಾಗಿ ಈ ತಂಟೆಯೂ ಇಲ್ಲ.

ಪರಿಹಾರ ಸರಳವಾಗಿತ್ತು: ಪ್ಲಗ್ಗಿನ ತಂತಿಯಲ್ಲಿ ಒಂದು ಪುಟ್ಟ ರೆಸಿಸ್ಟರ್. ಆದರೆ ಖರ್ಚು ಕಾರಿನವನದು, ಲಾಭ ಪಕ್ಕದ ಮನೆಯವನದು. ತಾನಾಗಿ ಯಾರು ಹಾಕಿಸಿಯಾರು? ಕೊನೆಗೆ ಬ್ರಿಟನ್ 1949ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಡಿ 1952ರಲ್ಲಿ ನಿಯಮ ರೂಪಿಸಿ, ಹೊಸ ವಾಹನಗಳಿಗೆ ಇದನ್ನು ಕಡ್ಡಾಯಗೊಳಿಸಿತು.

1998ರಲ್ಲಿ ಬ್ರಿಟನ್ನಿಗೆ ಡಿಜಿಟಲ್ ಭೂಪ್ರಸಾರ ಬಂತು. ಚುಕ್ಕೆಗಳು ಮಾಯವಾದವು, ಆದರೆ ಕಿಡಿ ಉಳಿಯಿತು. ಸಣ್ಣಪುಟ್ಟ ತಪ್ಪುಗಳನ್ನು ರಿಸೀವರ್ ತಾನೇ ತಿದ್ದಿಕೊಳ್ಳುತ್ತದೆ. ಮಿತಿ ಮೀರಿದರೆ ಚಿತ್ರ ಚೌಕಗಳಾಗಿ ಒಡೆಯುತ್ತದೆ ಇಲ್ಲವೆ ನಿಂತೇಬಿಡುತ್ತದೆ. ಹಿಂದೆ ಚುಕ್ಕೆಗಳ ನಡುವೆಯೂ ಆಟ ನೋಡಬಹುದಿತ್ತು. ಈಗ ಆಟವೇ ಇಲ್ಲ! ನಂತರ ಬಂದ ಡಿವಿಬಿ-ಟಿ2 ಪದ್ಧತಿ ಮಾಹಿತಿಯನ್ನು ಕಾಲದಲ್ಲಿ ಚದುರಿಸಿ ಕಳಿಸುವುದರಿಂದ, ಕ್ಷಣಿಕ ಹೊಡೆತವೊಂದು ಇಡೀ ಚಿತ್ರವನ್ನು ಕೆಡಿಸುವುದು ಕಡಿಮೆ.

ಮನೆಯವರ ಪಾಲಿನ ಮದ್ದು ಮಾತ್ರ ಹಳೆಯದೇ: ಆಂಟೆನಾ ರಸ್ತೆಯಿಂದ ದೂರ, ಎತ್ತರದಲ್ಲಿರಲಿ, ಕೇಬಲ್ಲಿನ ಲೋಹದ ಹೊದಿಕೆ ಗಟ್ಟಿಯಾಗಿರಲಿ.