ಯೆಹೋಶುವನ ಸೂರ್ಯ ಮತ್ತು ಶ್ರೀಗ್ರಂಥದ ಅಧಿಕಾರ: ಗೆಲಿಲಿಯೊ ಪ್ರಕರಣದ ಒಂದು ಮರುಓದು

ಗೆಲಿಲಿಯೊ ಮತ್ತು ರೋಮಿನ ಧರ್ಮಸಭೆಯ ನಡುವಿನ ವಿವಾದವನ್ನು ವಿಜ್ಞಾನಕ್ಕೂ ಧರ್ಮಕ್ಕೂ ನಡೆದ ಕಾಳಗವೆಂದು ಬಣ್ಣಿಸುವ ರೂಢಿಗೆ ಬಲ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಜಾನ್ ವಿಲಿಯಂ ಡ್ರೇಪರ್ 1874ರಲ್ಲಿ, ಆಂಡ್ರ್ಯೂ ಡಿಕ್ಸನ್ ವೈಟ್ 1896ರಲ್ಲಿ ಪ್ರಕಟಿಸಿದ ಗ್ರಂಥಗಳು ಆ ಚಿತ್ರವನ್ನು ಮನೆಮಾತಾಗಿಸಿದವು. ಆದರೆ 1613ರಿಂದ 1616ರವರೆಗಿನ ಪತ್ರಗಳನ್ನೂ ಆಜ್ಞೆಗಳನ್ನೂ ಓದಿದಾಗ ಬೇರೊಂದು ಜಗಳ ಕಣ್ಣಿಗೆ ಬೀಳುತ್ತದೆ. ಬೈಬಲ್ ಸತ್ಯವೆಂಬುದರಲ್ಲಿ ಎರಡೂ ಕಡೆಯವರಿಗೆ ಸಂಶಯವಿರಲಿಲ್ಲ. ಅದರ ಮಾತು ಯಾವ ವಿಷಯಗಳವರೆಗೆ ವಿಶ್ವಾಸಿಯನ್ನು ಕಟ್ಟಿಹಾಕುತ್ತದೆ, ಯಾವ ವಾಕ್ಯವನ್ನು ಅಕ್ಷರಶಃ ಓದಬೇಕೆಂದು ಹೇಳುವ ಹಕ್ಕು ಯಾರದು ಎಂಬಲ್ಲಿ ಅವರು ಬೇರೆಯಾದರು. ಈ ಎರಡು ಪ್ರಶ್ನೆಗಳಿಗೆ ಕ್ರೈಸ್ತರು ಕೊಟ್ಟುಕೊಂಡ ಉತ್ತರಗಳು ಹೇಗೆ ಬದಲಾದವು ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಟ್ರೆಂಟ್ ಹಾಕಿದ ಬೇಲಿ

ಶ್ರೀಗ್ರಂಥವನ್ನು ವ್ಯಾಖ್ಯಾನಿಸುವ ಅಧಿಕಾರ ಪೋಪರಿಗೊಬ್ಬರಿಗೇ ಸೇರಿದ್ದೆಂಬ ವಾದವನ್ನು ಮಾರ್ಟಿನ್ ಲೂಥರ್ 1520ರಲ್ಲಿ ಜರ್ಮನ್ ಸರದಾರರಿಗೆ ಬರೆದ ಕರೆಯಲ್ಲಿ ನೇರವಾಗಿ ಅಲ್ಲಗಳೆದಿದ್ದ. ಇದಕ್ಕೆ ರೋಮಿನ ಉತ್ತರ ಟ್ರೆಂಟ್ ಮಹಾಸಭೆಯ ನಾಲ್ಕನೆಯ ಅಧಿವೇಶನದಲ್ಲಿ, 1546ರ ಏಪ್ರಿಲ್ 8ರಂದು ಬಂತು. ಲಿಖಿತ ಗ್ರಂಥಗಳಿಗೂ ಅಲಿಖಿತ ಪರಂಪರೆಗೂ ಸಮಾನ ಗೌರವ ಸಲ್ಲಬೇಕೆಂದು ಸಭೆ ಸಾರಿತು. ವಿಶ್ವಾಸ ಮತ್ತು ನೀತಿಯ ವಿಷಯಗಳಲ್ಲಿ ಧರ್ಮಸಭೆ ಹಿಡಿದ ಅರ್ಥಕ್ಕಾಗಲಿ, ಸಭಾಪಿತೃಗಳ ಒಮ್ಮತಕ್ಕಾಗಲಿ ವಿರುದ್ಧವಾಗಿ ಯಾರೂ ತಮ್ಮ ಸ್ವಂತ ಬುದ್ಧಿಯನ್ನು ನಂಬಿ ವ್ಯಾಖ್ಯಾನಿಸಕೂಡದೆಂದು ವಿಧಿಸಿತು.

ಬೇಲಿಯೇನೋ ಬಿತ್ತು, ಆದರೆ ಅದರ ಒಳಗೆ ಬರುವ ನೆಲ ಎಷ್ಟು? ನಕ್ಷತ್ರ, ಭೂಮಿ, ಸೂರ್ಯರ ಚಲನೆ ವಿಶ್ವಾಸ ಮತ್ತು ನೀತಿಯ ವಿಷಯವೇ? ಪಂಥಭೇದದ ಬಿಸಿಯಲ್ಲಿ ರೂಪುಗೊಂಡ ಆ ಆಜ್ಞೆ ಇದನ್ನು ಸ್ಪಷ್ಟಪಡಿಸಲಿಲ್ಲ. ಮುಂದಿನ ವಿವಾದ ಹುಟ್ಟಿದ್ದು ಇದೇ ಅಸ್ಪಷ್ಟತೆಯಿಂದ.

ಗೆಲಿಲಿಯೊ ಎಂಬ ವ್ಯಾಖ್ಯಾನಕಾರ

1613ರ ಡಿಸೆಂಬರಿನಲ್ಲಿ ಪೀಸಾದಲ್ಲಿದ್ದ ಟಸ್ಕನಿಯ ಅರಸುಮನೆತನದ ಭೋಜನದ ವೇಳೆ ಕ್ರಿಸ್ಟೀನಾ ರಾಣಿ, ಭೂಚಲನೆ ಬೈಬಲ್‌ಗೆ ವಿರುದ್ಧವಲ್ಲವೇ ಎಂದು ಬೆನೆದಿಕ್ತ ಸಂನ್ಯಾಸಿ ಕಸ್ಟೆಲಿಯನ್ನು ಕೇಳಿದಳು. ಯೆಹೋಶುವನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ಯುದ್ಧದ ನಡುವೆ ಸೂರ್ಯನಿಗೆ ನಿಲ್ಲೆಂದು ಅಪ್ಪಣೆಯಾಗುತ್ತದೆ; ಚಲಿಸದ ಸೂರ್ಯನಿಗೆ ಆ ಅಪ್ಪಣೆ ಏಕೆ? ಸುದ್ದಿ ತಿಳಿದ ಗೆಲಿಲಿಯೊ ಡಿಸೆಂಬರ್ 21ರಂದು ತನ್ನ ಶಿಷ್ಯ ಕಸ್ಟೆಲಿಗೆ ಪತ್ರ ಬರೆದ. 1615ರಲ್ಲಿ ಅದನ್ನೇ ವಿಸ್ತರಿಸಿ ರಾಣಿಯ ಹೆಸರಿಗೇ ಬರೆದ.

ಈ ಪತ್ರಗಳ ಬೆನ್ನೆಲುಬು ಸಂತ ಆಗಸ್ಟೀನರು. ಐದನೆಯ ಶತಮಾನದ ಆರಂಭದಲ್ಲೇ ಅವರು ತಮ್ಮ ಆದಿಕಾಂಡ ವ್ಯಾಖ್ಯಾನದಲ್ಲಿ, ಪ್ರಕೃತಿಯ ಬಗ್ಗೆ ಅರಿಯದೆ ಮಾತಾಡಿ ಅದಕ್ಕೆ ಶ್ರೀಗ್ರಂಥದ ಆಧಾರ ಕೊಡುವ ಕ್ರೈಸ್ತರು ಆ ಗ್ರಂಥವನ್ನೇ ನಗೆಪಾಟಲು ಮಾಡುತ್ತಾರೆಂದು ಎಚ್ಚರಿಸಿದ್ದರು. ಗೆಲಿಲಿಯೊ ವಾದಿಸಿದ್ದು ಹೀಗೆ: ಪ್ರಕೃತಿಯೂ ಶ್ರೀಗ್ರಂಥವೂ ಒಬ್ಬನೇ ದೇವರಿಂದ ಬಂದವು, ಎರಡು ಸತ್ಯಗಳು ಪರಸ್ಪರ ವಿರೋಧಿಸಲಾರವು, ಶ್ರೀಗ್ರಂಥ ಜನಸಾಮಾನ್ಯರ ಗ್ರಹಿಕೆಗೆ ಇಳಿದು ಮಾತಾಡುತ್ತದೆ.

ಇಲ್ಲೊಂದು ಒಳಬಿರುಕಿದೆ. ಒಂದು ಕಡೆ ಗೆಲಿಲಿಯೊ ಬೈಬಲ್‌ನ ಗುರಿ ರಕ್ಷಣೆಯ ದಾರಿ ತೋರುವುದೇ ಹೊರತು ಖಗೋಳ ಕಲಿಸುವುದಲ್ಲ ಎನ್ನುತ್ತಾನೆ. ಇನ್ನೊಂದು ಕಡೆ, ಕಟ್ಟುನಿಟ್ಟಾಗಿ ಸಾಧಿತವಾಗದ ಪ್ರಕೃತಿ ಸಿದ್ಧಾಂತಗಳು ಶ್ರೀಗ್ರಂಥಕ್ಕೆ ಮಣಿಯಬೇಕೆಂದು ಒಪ್ಪುತ್ತಾನೆ. ಅಷ್ಟೇ ಅಲ್ಲ, ಯೆಹೋಶುವನ ಪ್ರಸಂಗ ಭೂಮಿ ಚಲಿಸುತ್ತದೆಂಬ ಕೊಪರ್ನಿಕಸ್ ಮತಕ್ಕೇ ಹೆಚ್ಚು ಹೊಂದುತ್ತದೆಂದು ತೋರಿಸಲು ಹೊರಡುತ್ತಾನೆ: ಸೂರ್ಯನ ಸ್ವಪರಿಭ್ರಮಣವೇ ಗ್ರಹಗಳಿಗೆ ಚಲನೆ ಕೊಡುವುದಾದರೆ, ಅದು ನಿಂತಾಗ ಎಲ್ಲವೂ ನಿಂತು ಹಗಲು ಹಿಗ್ಗುತ್ತದೆ. ಬೈಬಲ್ ಖಗೋಳ ಹೇಳುವುದಿಲ್ಲವೆಂದವನು ಅದರಿಂದ ಖಗೋಳ ಹೇಳಿಸಿದ.

ಬೆಲ್ಲಾರ್ಮಿನ್‌ರ ತರ್ಕ

1615ರಲ್ಲಿ ಕಾರ್ಮೆಲ್ ಸಂಘದ ಪಾವೊಲೊ ಫೊಸ್ಕರಿನಿ ಭೂಚಲನೆಯನ್ನು ಬೈಬಲ್‌ನೊಂದಿಗೆ ಹೊಂದಿಸುವ ಪುಸ್ತಕವನ್ನು ಕಾರ್ಡಿನಲ್ ರಾಬರ್ಟ್ ಬೆಲ್ಲಾರ್ಮಿನ್‌ರಿಗೆ ಕಳಿಸಿದ. ಏಪ್ರಿಲ್ 12ರ ಅವರ ಉತ್ತರ ಈ ಪ್ರಕರಣದ ಅತ್ಯಂತ ಮಹತ್ವದ ದಾಖಲೆಗಳಲ್ಲೊಂದು. ಭೂಚಲನೆಗೆ ನಿಜವಾದ ಪುರಾವೆ ದೊರೆತರೆ, ಸಾಧಿತವಾದುದನ್ನು ಸುಳ್ಳೆನ್ನುವ ಬದಲು ಶ್ರೀಗ್ರಂಥ ನಮಗೆ ಅರ್ಥವಾಗಿಲ್ಲವೆಂದು ಹೇಳುವುದೇ ಲೇಸೆಂದು ಅವರು ಒಪ್ಪಿದರು. ಅಂಥ ಪುರಾವೆಯನ್ನು ಯಾರೂ ತನಗೆ ತೋರಿಸಿಲ್ಲವೆಂದೂ ಸೇರಿಸಿದರು.

ಮುಖ್ಯವಾದುದು ಅವರ ಇನ್ನೊಂದು ಮಾತು. ಖಗೋಳ ತನ್ನ ವಿಷಯದ ದೃಷ್ಟಿಯಿಂದ ವಿಶ್ವಾಸದ ಸಂಗತಿಯಲ್ಲದಿದ್ದರೂ, ಹೇಳಿದವನ ದೃಷ್ಟಿಯಿಂದ ಅದು ವಿಶ್ವಾಸದ ಸಂಗತಿಯೇ. ಏಕೆಂದರೆ ಹೇಳಿದವನು ಪವಿತ್ರಾತ್ಮ. ಯೇಸು ಕನ್ಯೆಯಲ್ಲಿ ಹುಟ್ಟಲಿಲ್ಲವೆನ್ನುವವನಂತೆಯೇ, ಅಬ್ರಹಾಮನಿಗೆ ಇಬ್ಬರು ಮಕ್ಕಳಿರಲಿಲ್ಲ ಎನ್ನುವವನೂ ಪಾಷಂಡಿ. ಈ ಒಂದು ಹೆಜ್ಜೆಯಿಂದ ಟ್ರೆಂಟ್‌ನ ಬೇಲಿ ಬೈಬಲ್‌ನ ಪ್ರತಿ ವಾಕ್ಯವನ್ನೂ ಒಳಗೆ ಸೇರಿಸಿಕೊಂಡಿತು. 1616ರ ಮಾರ್ಚ್ 5ರ ಆಜ್ಞೆ ಭೂಚಲನೆಯನ್ನು ಸುಳ್ಳೆಂದೂ ಶ್ರೀಗ್ರಂಥಕ್ಕೆ ಪೂರ್ತಿ ವಿರುದ್ಧವೆಂದೂ ಘೋಷಿಸಿತು. ಕೊಪರ್ನಿಕಸ್‌ನ ಕೃತಿಯನ್ನು ತಿದ್ದುಪಡಿಯಾಗುವವರೆಗೆ ತಡೆಹಿಡಿದರು. ಫೊಸ್ಕರಿನಿಯ ಪುಸ್ತಕವನ್ನೋ ಪೂರ್ತಿ ನಿಷೇಧಿಸಿದರು. ಖಗೋಳಗ್ರಂಥಕ್ಕಿಂತ ವ್ಯಾಖ್ಯಾನಗ್ರಂಥಕ್ಕೆ ಶಿಕ್ಷೆ ಕಠಿಣವಾದದ್ದನ್ನು ಗಮನಿಸಬೇಕು.

ಪೋಪರಿಲ್ಲದ ನಾಡಿನಲ್ಲಿ

ಶ್ರೀಗ್ರಂಥವೊಂದೇ ಪ್ರಮಾಣವೆಂದ ಪ್ರೊಟೆಸ್ಟೆಂಟರಲ್ಲಿ ಈ ಪ್ರಶ್ನೆ ಸುಲಭವಾಗಿತ್ತೇ? ಕ್ಯಾಲ್ವಿನ್ 1554ರ ಆದಿಕಾಂಡ ವ್ಯಾಖ್ಯಾನದಲ್ಲಿ, ಚಂದ್ರನನ್ನು ದೊಡ್ಡ ಬೆಳಕೆಂದ ಮೋಶೆ ಬರಿಗಣ್ಣಿನ ಜನರಿಗಾಗಿ ಬರೆದನೆಂದೂ, ಶನಿಗ್ರಹ ಅದಕ್ಕಿಂತ ದೊಡ್ಡದೆಂಬ ಖಗೋಳಜ್ಞರ ಮಾತು ಇದರಿಂದ ಸುಳ್ಳಾಗದೆಂದೂ ವಿವರಿಸಿದ್ದ. ಆದರೂ ಲೂಥರನ್ ಪಂಥದ ಕೆಪ್ಲರ್ 1596ರ ತನ್ನ ಮೊದಲ ಕೃತಿಯಲ್ಲಿ ಬೈಬಲ್ ಮತ್ತು ಭೂಚಲನೆಯ ಕುರಿತ ಚರ್ಚೆಯನ್ನು ಟ್ಯೂಬಿಂಗನ್‌ನ ದೈವಶಾಸ್ತ್ರಜ್ಞ ಹಾಫೆನ್‌ರೆಫರ್‌ನ ಸಲಹೆಯಂತೆ ಕೈಬಿಡಬೇಕಾಯಿತು. 1609ರ ಗ್ರಂಥದ ಪೀಠಿಕೆಯಲ್ಲಷ್ಟೇ ಅದಕ್ಕೆ ಜಾಗ ಸಿಕ್ಕಿತು. ಪೋಪರ ಪೀಠ ಇಲ್ಲದಲ್ಲಿಯೂ ವ್ಯಾಖ್ಯಾನಕ್ಕೆ ಕಾವಲಿತ್ತು. ಆ ಕೆಲಸವನ್ನು ವಿಶ್ವವಿದ್ಯಾಲಯ ಮಾಡುತ್ತಿತ್ತು.

ಬದಲಾದ ಪ್ರಶ್ನೆ

ಭೂಚಲನೆಯನ್ನು ಕಲಿಸುವ ಪುಸ್ತಕಗಳ ಮೇಲಿನ ಸಾರ್ವತ್ರಿಕ ನಿಷೇಧ 1758ರಲ್ಲಿ ಸಡಿಲಾಯಿತು. 1835ರ ನಿಷಿದ್ಧ ಗ್ರಂಥಗಳ ಪಟ್ಟಿಯಲ್ಲಿ ಕೊಪರ್ನಿಕಸ್, ಗೆಲಿಲಿಯೊ ಹೆಸರುಗಳಿರಲಿಲ್ಲ. ವ್ಯಾಖ್ಯಾನದ ತತ್ತ್ವ ತಿದ್ದಿಕೊಳ್ಳಲು ಇನ್ನೂ ಹೆಚ್ಚು ಕಾಲ ಹಿಡಿಯಿತು. 1893ರಲ್ಲಿ ಪೋಪ್ ಹದಿಮೂರನೆಯ ಲಿಯೋ, ಪವಿತ್ರ ಲೇಖಕರು ಪ್ರಕೃತಿಯನ್ನು ಕಣ್ಣಿಗೆ ಕಂಡಂತೆ ವರ್ಣಿಸಿದರೆಂದು ಆಗಸ್ಟೀನರ ಆಧಾರದಲ್ಲೇ ಬರೆದರು. 1943ರಲ್ಲಿ ಹನ್ನೆರಡನೆಯ ಪಯಸ್ ಪ್ರಾಚೀನ ಸಾಹಿತ್ಯ ಪ್ರಕಾರಗಳನ್ನು ಅಭ್ಯಸಿಸಿ ಲೇಖಕನ ಉದ್ದೇಶ ಅರಿಯಬೇಕೆಂದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರ ದಸ್ತಾವೇಜಿನಲ್ಲಿ, ನಮ್ಮ ರಕ್ಷಣೆಗಾಗಿ ದೇವರು ದಾಖಲಿಸಬಯಸಿದ ಸತ್ಯವನ್ನು ಶ್ರೀಗ್ರಂಥ ತಪ್ಪಿಲ್ಲದೆ ಕಲಿಸುತ್ತದೆಂದು ಹೇಳಿತು. ಬೋಧನಾಧಿಕಾರವು ದೇವವಾಕ್ಯದ ಮೇಲಲ್ಲ, ಅದರ ಸೇವೆಯಲ್ಲಿದೆಯೆಂದೂ ಸ್ಪಷ್ಟಪಡಿಸಿತು. ಹೇಳಿದವನು ಯಾರೆಂಬುದರ ಜೊತೆಗೆ ಏನು ಹೇಳಲು ಹೊರಟ ಎಂಬುದೂ ಈಗ ನಿರ್ಣಾಯಕವಾಯಿತು.

ಅಮೆರಿಕದ ಇವ್ಯಾಂಜೆಲಿಕಲ್ ನಾಯಕರು 1978ರಲ್ಲಿ ಹೊರಡಿಸಿದ ಷಿಕಾಗೊ ಹೇಳಿಕೆಯ ದಾರಿ ಬೇರೆ. ಬೈಬಲ್‌ನ ದೋಷರಾಹಿತ್ಯ ಆಧ್ಯಾತ್ಮಿಕ ವಿಷಯಗಳಿಗೆ ಸೀಮಿತವಲ್ಲ, ಇತಿಹಾಸ ಮತ್ತು ವಿಜ್ಞಾನಕ್ಕೂ ಅನ್ವಯಿಸುತ್ತದೆ ಎಂದು ಅದು ಸಾಧಿಸುತ್ತದೆ. ಆದರೆ ಪ್ರಕೃತಿಯನ್ನು ಕಂಡಂತೆ ವರ್ಣಿಸಿದ್ದು ದೋಷವಲ್ಲವೆಂದೂ ಹೇಳುತ್ತದೆ. ಹೀಗಾಗಿ ಯೆಹೋಶುವನ ಸೂರ್ಯನ ವಿಚಾರದಲ್ಲಿ ಎರಡೂ ಪರಂಪರೆಗಳು ಒಂದೇ ಉತ್ತರ ಕೊಡಬಲ್ಲವು. ಸೃಷ್ಟಿಕಥೆಗೆ ಬಂದಾಗ ಬೇರೆಯಾಗಬಹುದು.

ಆದ್ದರಿಂದ ಕ್ರೈಸ್ತರ ಬೈಬಲ್ ಓದನ್ನು ಅಕ್ಷರನಿಷ್ಠ, ಉದಾರ ಎಂಬ ಎರಡು ಗುಂಪುಗಳಾಗಿ ಸೀಳಿದರೆ ಇತಿಹಾಸ ಕೈಗೆ ಸಿಗದು. ಬೆಲ್ಲಾರ್ಮಿನ್‌ರೂ ಪುರಾವೆ ಬಂದರೆ ಅಕ್ಷರಾರ್ಥ ಬಿಡಲು ಸಿದ್ಧರಿದ್ದರು. ಗೆಲಿಲಿಯೊನೂ ಪುರಾವೆ ಇಲ್ಲದಾಗ ಅದಕ್ಕೆ ಮಣಿಯಬೇಕೆಂದಿದ್ದ. ಒಂದು ಪರಂಪರೆ ಅಕ್ಷರಾರ್ಥವನ್ನು ಎಲ್ಲಿ ಬಿಡುತ್ತದೆ, ಯಾರ ಅಪ್ಪಣೆಯ ಮೇಲೆ ಬಿಡುತ್ತದೆ, ಪುರಾವೆಯ ಹೊರೆಯನ್ನು ಯಾರ ಹೆಗಲಿಗೆ ಹಾಕುತ್ತದೆ ಎಂಬ ಮೂರು ಪ್ರಶ್ನೆಗಳನ್ನಿಟ್ಟುಕೊಂಡು ಓದಿದಾಗಲೇ ಆ ಪರಂಪರೆ ಬೈಬಲ್‌ಗೆ ಕೊಟ್ಟಿರುವ ಅಧಿಕಾರದ ನಿಜವಾದ ಅಳತೆ ಸಿಗುತ್ತದೆ.