ಒಂದೇ ಶಾಲೆಯ ಮೂವರು

ಕ್ರೀಡಾದಿನದಂದು ಸೋತು ಅಳುತ್ತಿದ್ದವರಿಗೆ ನಾನು ಹೇಳುತ್ತಿದ್ದ ಈ ಕಥೆ ನಿಮಗೆ ನೆನಪಿರಬಹುದು.

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಈಸ್ಟ್ ಟೆಕ್ನಿಕಲ್ ಹೈಸ್ಕೂಲಿನ ಜೆಸ್ಸಿ ಓವೆನ್ಸ್ 1933ರಲ್ಲಿ 100 ಗಜಗಳನ್ನು 9.4 ಸೆಕೆಂಡುಗಳಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಅವರು ನಾಲ್ಕು ಚಿನ್ನ ಗೆದ್ದರೆ, ಅದೇ ಶಾಲೆಯ ಡೇವ್ ಆಲ್ಬ್ರಿಟನ್ ಎತ್ತರ ಜಿಗಿತದಲ್ಲಿ ಬೆಳ್ಳಿ ಪಡೆದರು.

ಊರಿನ ವಿಜಯ ಮೆರವಣಿಗೆಯಲ್ಲಿ ಓವೆನ್ಸರನ್ನು ಕಣ್ತುಂಬ ಕಂಡ 13 ವರ್ಷದ ಬಾಲಕ ಹ್ಯಾರಿಸನ್ ಡಿಲ್ಲಾರ್ಡ್ ಮುಂದೆ ಅದೇ ಶಾಲೆಯಲ್ಲಿ ಓದಿ, ಹರ್ಡಲ್ಸ್ ಓಟದಲ್ಲಿ ಹೆಸರಾದರು. ಆದರೆ 1948ರ ಆಯ್ಕೆ ಸ್ಪರ್ಧೆಯಲ್ಲಿ ಹರ್ಡಲ್‌ಗಳಿಗೆ ತಾಗಿ ಅವರ ಓಟ ಅರ್ಧಕ್ಕೇ ನಿಂತಿತು. 100 ಮೀಟರ್ ಓಟದಲ್ಲಿ ಮೂರನೆಯವರಾಗಿ ತಂಡವನ್ನು ಸೇರಿ, ಲಂಡನ್ನಿನಲ್ಲಿ ಚಿನ್ನವನ್ನೇ ಗೆದ್ದರು! ಕೈತಪ್ಪಿದ್ದ ಹರ್ಡಲ್ಸ್ ಚಿನ್ನವೂ 1952ರಲ್ಲಿ ಹೆಲ್ಸಿಂಕಿಯಲ್ಲಿ ಅವರದಾಯಿತು.

ಹಳೆಯ ವಿದ್ಯಾರ್ಥಿಗಳ ಸನ್ಮಾನದ ದಿನ ಚಿಕ್ಕ ತರಗತಿಯ ಮಕ್ಕಳನ್ನೇ ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದು ನಾನು ಹಠ ಹಿಡಿಯುತ್ತಿದ್ದುದು ಇದಕ್ಕಾಗಿಯೇ.