ಬೀಜದ ವ್ಯಾಪಾರ ಮತ್ತು ಅಚೌರ್ಯವ್ರತ

ಶ್ರಾವಕನಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಕೊಡದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಹೇಳಿ ನಮ್ಮ ಆಚಾರ್ಯರು ಸುಮ್ಮನಾಗಲಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ: ಕಳವಿಗೆ ಪ್ರೇರಣೆ ನೀಡುವುದು, ಕದ್ದುದನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಂದರ ಹೆಸರಿನಲ್ಲಿ ಅದನ್ನೇ ಹೋಲುವ ಇನ್ನೊಂದನ್ನು ಮಾರುವುದು. ಈ ಐದೂ ಕನ್ನಗಳ್ಳನನ್ನು ಕುರಿತವುಗಳಲ್ಲ. ಹಾಡುಹಗಲಿನಲ್ಲಿ ತಕ್ಕಡಿ ಹಿಡಿದು ಕುಳಿತ ಮರ್ಯಾದಸ್ಥನನ್ನು ಕುರಿತವು. ಕಳೆದ ಮೂರು ದಶಕಗಳ ಜೈವಿಕ ತಂತ್ರಜ್ಞಾನದ ಬೀಜಗಳ ಇತಿಹಾಸವನ್ನು ಈ ಅತಿಚಾರಗಳ ಬೆಳಕಿನಲ್ಲಿ ನೋಡುವುದು ಉಚಿತವೆನಿಸುತ್ತದೆ.

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿಗಳೂ ಚಿತ್ರದುರ್ಗದಿಂದ ಜಗಳೂರೂ ಅದಕ್ಕೆ ಸೇರಿದವು. ನ್ಯಾಮತಿಯು ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿ ನ್ಯಾಮತಿಗಳ ಭತ್ತ ಮತ್ತು ಮೆಕ್ಕೆಜೋಳ, ಮಳೆಯನ್ನೇ ನೆಚ್ಚಿದ ಜಗಳೂರಿನ ಮೆಕ್ಕೆಜೋಳ ಮತ್ತು ಹತ್ತಿ, ಹೀಗೆ ನೆಲ ಬೇರೆ, ಬೆಳೆ ಬೇರೆ. ಹಿಂದಿನ ತಲೆಮಾರಿನಲ್ಲಿ ರೈತನು ಒಳ್ಳೆಯ ತೆನೆಯನ್ನು ಆರಿಸಿ ಮುಂದಿನ ವರ್ಷಕ್ಕೆ ತೆಗೆದಿಡುತ್ತಿದ್ದನು. ಸಾಲದಿದ್ದರೆ ನೆರೆಯವನಿಂದ ತರುತ್ತಿದ್ದನು. ಇಂದು ಮುಂಗಾರಿಗೆ ಮುನ್ನ ಅವನು ಬೀಜದಂಗಡಿಯ ಮುಂದೆ ನಿಲ್ಲಬೇಕಾಗಿದೆ. ಅವನು ಕೊಳ್ಳುವ ಹತ್ತಿಯ ಪೊಟ್ಟಣದಲ್ಲಿ ಬೀಜದೊಡನೆ ಪರವಾನಗಿ, ಕರಾರುಗಳೂ ಅಡಗಿವೆ.

ತಂತ್ರಜ್ಞಾನವೇ ಪಾಪವೆಂದು ಹೇಳುವುದು ಸಾಧುವಲ್ಲ. ಮಧುಮೇಹಿಗಳಿಗೆ ಬೇಕಾದ ಇನ್ಸುಲಿನ್ನನ್ನು ಹಿಂದೆ ಕಸಾಯಿಖಾನೆಯ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಯೀಸ್ಟ್ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಅಹಿಂಸಾವ್ರತಿಗಳಿಗೆ ಇದು ಉಪಕಾರವೇ. ಆದುದರಿಂದ ಪ್ರಶ್ನೆಯು ವಿದ್ಯೆಯನ್ನು ಕುರಿತುದಲ್ಲ, ಅದರ ವ್ಯವಹಾರವನ್ನು ಕುರಿತುದು.

ಬಿ.ಟಿ. ಹತ್ತಿಯ ಕಥೆ ನಮ್ಮ ದೇಶದಲ್ಲಿ ಅತ್ಯಲ್ಪ ಪ್ರಮಾಣದಿಂದ ಆರಂಭವಾಯಿತು. ಮಣ್ಣಿನ ಒಂದು ಬ್ಯಾಕ್ಟೀರಿಯದ ವಂಶವಾಹಿಯನ್ನು ಸೇರಿಸಿ, ಕಾಯಿಕೊರಕ ಹುಳುವಿಗೆ ಗಿಡವೇ ವಿಷವಾಗುವಂತೆ ಮಾಡಿದ ಹತ್ತಿ ಇದು. 1995ರಲ್ಲಿ ಮಹಿಕೋ ಸಂಸ್ಥೆಗೆ ಅಮೆರಿಕದ ಮಾನ್ಸಾಂಟೋದಿಂದ 100 ಗ್ರಾಂ ಬೀಜ ತರಿಸಲು ಅನುಮತಿ ದೊರೆಯಿತು. ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ರಚಿತವಾದ ನಿಯಮಗಳು ಇಂತಹ ಬೀಜಗಳಿಗೆ ಕೇಂದ್ರ ಸಮಿತಿಯ ಒಪ್ಪಿಗೆಯನ್ನು ಕಡ್ಡಾಯಗೊಳಿಸಿದ್ದವು. 1998ರಲ್ಲಿ ಕ್ಷೇತ್ರ ಪ್ರಯೋಗಗಳು ನಡೆದಾಗ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘವು ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಬೆಳೆಯನ್ನು ಕಿತ್ತು ಸುಟ್ಟಿತು. ಬೆಳೆ ಸುಡುವುದನ್ನು ನಾವು ಅನುಮೋದಿಸಲಾರೆವು. ಆದರೆ ತನ್ನ ಹೊಲದಲ್ಲಿ ಬಿತ್ತಿದುದೇನೆಂದು ರೈತನಿಗೆ ತಿಳಿಸಿರಲಿಲ್ಲವೆಂಬ ಅವರ ಆಕ್ಷೇಪವು ಅಚೌರ್ಯದ ಮರ್ಮವನ್ನೇ ಮುಟ್ಟುತ್ತದೆ. ತಿಳಿಯದೆ ಕೊಟ್ಟ ಒಪ್ಪಿಗೆ ಕೊಟ್ಟಂತಾಗುವುದೇ?

ಕಾನೂನುಬದ್ಧ ಬೀಜ ಮಾರುಕಟ್ಟೆಗೆ ಬರುವ ಮೊದಲೇ ಕಾನೂನುಬಾಹಿರ ಬೀಜ ಬಂದಿತು. 2001ರಲ್ಲಿ ಗುಜರಾತಿನ ಹೊಲಗಳಲ್ಲಿ ‘ನವಭಾರತ್ 151’ ಎಂಬ ತಳಿಯಲ್ಲಿ ಅನುಮತಿಯಿಲ್ಲದ ಬಿ.ಟಿ. ವಂಶವಾಹಿ ಪತ್ತೆಯಾಯಿತು. 2002ರ ಮಾರ್ಚ್ 26ರಂದು ಮಹಿಕೋದ ಮೂರು ತಳಿಗಳಿಗೆ ಒಪ್ಪಿಗೆ ದೊರೆತರೂ ಕಳ್ಳಬೀಜದ ಹಾದಿ ಮುಚ್ಚಲಿಲ್ಲ. 2017ರ ನಂತರ, ಒಪ್ಪಿಗೆಯಿಲ್ಲದ ಕಳೆನಾಶಕ ನಿರೋಧಕ ಹತ್ತಿಯು ಹಲವು ರಾಜ್ಯಗಳಲ್ಲಿ ಗುಟ್ಟಾಗಿ ಮಾರಾಟವಾದುದು ಬೆಳಕಿಗೆ ಬಂದಿತು. ಇದು ರಾಜ್ಯದ ಕಟ್ಟಳೆಯ ಉಲ್ಲಂಘನೆ. ರಶೀದಿಯಿಲ್ಲದ ಇಂತಹ ಬೀಜ ಮೊಳೆಯದಿದ್ದರೆ ರೈತನು ಯಾರನ್ನು ಕೇಳಬೇಕು?

2002ರ ಒಪ್ಪಿಗೆಯಲ್ಲಿ ಒಂದು ಷರತ್ತಿತ್ತು. 450 ಗ್ರಾಂ ಬಿ.ಟಿ. ಬೀಜದೊಡನೆ 120 ಗ್ರಾಂ ಸಾಧಾರಣ ಬೀಜವನ್ನು ಕೊಡಬೇಕು. ಅದನ್ನು ಹೊಲದ ಸುತ್ತ ಬಿತ್ತಿ ಹುಳುವಿಗೆ ಆಶ್ರಯ ಬಿಡಬೇಕು. ಇದರ ಹಿಂದಿದ್ದುದು ಕರುಣೆಯಲ್ಲ, ಲೆಕ್ಕಾಚಾರ: ವಿಷಕ್ಕೆ ಒಗ್ಗದ ಹುಳುಗಳೂ ಉಳಿದು ಸಂಕರವಾದರೆ ನಿರೋಧಶಕ್ತಿ ಬೇಗ ಬೆಳೆಯದು. ಅನೇಕ ರೈತರು ಆ ಸಣ್ಣ ಪೊಟ್ಟಣವನ್ನು ಬಿತ್ತಲಿಲ್ಲ. 2010ರ ವೇಳೆಗೆ ಗುಜರಾತಿನಲ್ಲಿ ಗುಲಾಬಿ ಕಾಯಿಕೊರಕವು ಮೊದಲ ಪೀಳಿಗೆಯ ಬಿ.ಟಿ. ಹತ್ತಿಯನ್ನು ಜಯಿಸಿದುದು ದೃಢಪಟ್ಟಿತು. ಇದಕ್ಕೆ ಕಾರಣಗಳು ಹಲವು. ಕೀಟದ ಪಾಲನ್ನು ಬಿಡದಿದ್ದುದೂ ಅವುಗಳಲ್ಲೊಂದು. ಪರಿಗ್ರಹಕ್ಕೆ ಮಿತಿ ಹಾಕಿದ ನಮ್ಮ ಹಿರಿಯರಿಗೆ ಇದು ಆಶ್ಚರ್ಯವೆನಿಸುತ್ತಿರಲಿಲ್ಲ.

ಬೆಲೆಯ ವಿಷಯವೂ ಹಾಗೆಯೇ. ಆರಂಭದಲ್ಲಿ 450 ಗ್ರಾಂ ಪೊಟ್ಟಣದ ಬೆಲೆ 1,600 ರೂಪಾಯಿಗಳಷ್ಟಿದ್ದು, ಅದರ ಬಹುಪಾಲು ತಂತ್ರಜ್ಞಾನದ ಶುಲ್ಕವಾಗಿತ್ತು. 2006ರಲ್ಲಿ ಆಂಧ್ರಪ್ರದೇಶವು ಏಕಸ್ವಾಮ್ಯ ನಿಯಂತ್ರಣ ಆಯೋಗದ ಮೊರೆಹೋದ ಬಳಿಕ ಅಲ್ಲಿ ಬೆಲೆ 750 ರೂಪಾಯಿಗೆ ಇಳಿಯಿತು. 2016ರಲ್ಲಿ ಕೇಂದ್ರ ಸರ್ಕಾರವು ಎರಡನೆಯ ಪೀಳಿಗೆಯ ಬೀಜಕ್ಕೆ 800 ರೂಪಾಯಿ ಬೆಲೆಯನ್ನೂ ಅದರೊಳಗೆ 49 ರೂಪಾಯಿ ಶುಲ್ಕವನ್ನೂ ನಿಗದಿಪಡಿಸಿತು. ಇದೇ ಕಾಲದಲ್ಲಿ ಮಾನ್ಸಾಂಟೋ ಮತ್ತು ನೂಜಿವೀಡು ಸಂಸ್ಥೆಗಳ ನಡುವೆ ಪೇಟೆಂಟಿನ ವ್ಯಾಜ್ಯ ನಡೆಯಿತು. ಬೀಜ ಮತ್ತು ಸಸ್ಯಗಳಿಗೆ ನಮ್ಮ ಕಾಯ್ದೆಯಲ್ಲಿ ಪೇಟೆಂಟಿಲ್ಲವೆಂಬ ಕಾರಣದಿಂದ ದೆಹಲಿ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2018ರಲ್ಲಿ ಆ ಪೇಟೆಂಟನ್ನು ಅಸಿಂಧುಗೊಳಿಸಿತು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿ ಮರುವಿಚಾರಣೆಗೆ ಕಳುಹಿಸಿತು. 2021ರಲ್ಲಿ ಉಭಯರೂ ರಾಜಿಯಾದರು. ಜೀವಕ್ಕೆ ಒಡೆಯರುಂಟೇ ಎಂಬ ಮೂಲಪ್ರಶ್ನೆಗೆ ಈ ವ್ಯಾಜ್ಯದಿಂದ ಅಂತಿಮ ಉತ್ತರ ದೊರೆಯಲಿಲ್ಲ.

ನಮಗೆ ಹತ್ತಿರದ ಎರಡು ಪ್ರಸಂಗಗಳು ಧಾರವಾಡದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಸಂಬಂಧಿಸಿದವು. ರೈತನು ಪುನಃ ಬಿತ್ತಬಹುದಾದ ಅಗ್ಗದ ಬಿ.ಟಿ. ಹತ್ತಿಯನ್ನು ನಾಗಪುರದ ಹತ್ತಿ ಸಂಶೋಧನಾ ಸಂಸ್ಥೆಯೊಡನೆ ಅದು ರೂಪಿಸಿತು. ಸದುದ್ದೇಶದ ಈ ‘ಬಿಕಾನೇರಿ ನರ್ಮಾ’ ಬೀಜ 2009ರಲ್ಲಿ ಬಿಡುಗಡೆಯಾಗಿ ಅದೇ ವರ್ಷ ನಿಂತುಹೋಯಿತು. ಅದರಲ್ಲಿ ಮಾನ್ಸಾಂಟೋದ ವಂಶವಾಹಿ ಜೋಡಣೆಯೇ ಬೆರೆತಿದ್ದಿತೆಂದು ತನಿಖಾ ಸಮಿತಿಯು 2012ರಲ್ಲಿ ವರದಿಮಾಡಿತು. ಇನ್ನೊಂದು ಬದನೆಯದು. ಉಡುಪಿ, ಮಲಾಪುರ, ಕುಡಚಿ ಮುಂತಾದ ಊರುಗಳ ನಾಡತಳಿಗಳನ್ನು ಜೀವವೈವಿಧ್ಯ ಕಾಯ್ದೆಯ ಅನುಮತಿಯಿಲ್ಲದೆ ಬಿ.ಟಿ. ಬದನೆಗೆ ಬಳಸಲಾಯಿತೆಂದು 2010ರಲ್ಲಿ ಬೆಂಗಳೂರಿನ ಒಂದು ಸ್ವಯಂಸೇವಾ ಸಂಸ್ಥೆ ದೂರಿತು. 2012ರಲ್ಲಿ ಪ್ರಕರಣ ಧಾರವಾಡದ ನ್ಯಾಯಾಲಯವನ್ನು ಮುಟ್ಟಿತು. ಆ ಬದನೆಗೆ 2010ರ ಫೆಬ್ರವರಿ 9ರಂದೇ ಕೇಂದ್ರವು ತಡೆ ಹಾಕಿತ್ತು. ತಲೆಮಾರುಗಳಿಂದ ಕಾಪಾಡಿದವರನ್ನು ಕೇಳದೆ ತಳಿಯನ್ನು ಒಯ್ಯುವುದು ಅದತ್ತಾದಾನವೆನ್ನಲು ನಮಗೆ ಯಾವ ಕಾಯ್ದೆಯೂ ಬೇಕಿರಲಿಲ್ಲ. ನಾಡಿಗೆ ಮಾತ್ರ 2002ರಲ್ಲಿ ಕಾಯ್ದೆಯೇ ಬೇಕಾಯಿತು.

ಇಂದು ಕಾನೂನು ರೈತನ ಕೈಗೆ ಕೆಲವು ಆಯುಧಗಳನ್ನು ಕೊಟ್ಟಿದೆ. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಂತೆ ಅವನು ತಾನು ಬೆಳೆದ ಬೀಜವನ್ನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯನ್ನು ಬ್ರಾಂಡಿನ ಹೆಸರಿನಲ್ಲಿ ಮಾತ್ರ ಮಾರುವಂತಿಲ್ಲ. ನೋಂದಾಯಿತ ತಳಿಯು ಹೇಳಿದಷ್ಟು ಇಳುವರಿ ಕೊಡದಿದ್ದರೆ ಪರಿಹಾರ ಕೇಳಬಹುದು. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ಸ್ಪಷ್ಟಪಡಿಸಿತು. ಆದರೆ ಕಾನೂನು ಬರುವುದು ಬೆಳೆ ಹಾಳಾದ ಮೇಲೆ. ವ್ರತ ಇರಬೇಕಾದುದು ಪೊಟ್ಟಣ ಕೈಬದಲಾಗುವ ಮೊದಲು.

ಆದುದರಿಂದ ಬೀಜ, ಗೊಬ್ಬರಗಳ ವ್ಯಾಪಾರದಲ್ಲಿರುವ ನಮ್ಮ ಕುಟುಂಬಗಳು ಮೂರು ನಿಯಮಗಳನ್ನು ಪಾಲಿಸುವುದು ಶ್ರೇಯಸ್ಕರ. ಒಪ್ಪಿಗೆಯಿಲ್ಲದ ಬೀಜವನ್ನು ಎಷ್ಟೇ ಲಾಭವಿದ್ದರೂ ಅಂಗಡಿಯೊಳಕ್ಕೆ ತರಬಾರದು. ತಳಿಯ ಹೆಸರು ಮತ್ತು ತಂಡದ ಸಂಖ್ಯೆಯುಳ್ಳ ರಶೀದಿಯನ್ನು ಕೇಳದಿದ್ದರೂ ಕೊಡಬೇಕು. ಜಗಳೂರಿನ ಒಣಭೂಮಿಗೆ ಸಲ್ಲದ ಬೀಜವನ್ನು ಸಲ್ಲುವುದೆಂದು ಹೇಳಿ ಮಾರಬಾರದು. ಬಸದಿಯ ಟ್ರಸ್ಟುಗಳಿಗೂ ಕರ್ತವ್ಯವುಂಟು. ಜಮೀನುಳ್ಳ ಟ್ರಸ್ಟು ಒಂದೆರಡು ಗುಂಟೆಗಳಲ್ಲಿ ನಾಡತಳಿಗಳನ್ನು ಬೆಳೆಸಿ ಕೇಳಿದವರಿಗೆ ಕೊಡಬಹುದು. ಊರಿನ ಜೀವವೈವಿಧ್ಯ ಸಮಿತಿಯ ದಾಖಲೆಯಲ್ಲಿ ಅವುಗಳನ್ನು ಬರೆಯಿಸಬಹುದು.

ನ್ಯಾಯದಿಂದ ಗಳಿಸಿದ ಧನವೇ ಗೃಹಸ್ಥಧರ್ಮದ ಮೊದಲ ಮೆಟ್ಟಿಲೆಂದು ಹೇಳುತ್ತಾರೆ. ಬಸದಿಗೆ ಬರುವ ಕಾಣಿಕೆಯ ಹಿಂದೆ ಯಾರದೋ ಹೊಲದ ಮೊಳೆಯದ ಬೀಜ ಇರಬಾರದು. ಆ ಎಚ್ಚರವು ನಮ್ಮಲ್ಲಿದ್ದರೆ, ಮುಂದೆ ಯಾವ ಹೊಸ ಬೀಜ ಬಂದರೂ ನಮ್ಮ ತಕ್ಕಡಿ ನೇರವಾಗಿಯೇ ಇರುವುದು.